ಪರದೆಯ ಹಿಂದಿನ ಕೀರ್ತನೆ

“ಮುಚ್ಚು ಬಾಯಿ! ಅಲ್ಲಿ ಸಿ.ಡಿ. ಹಾಡ್ತಾ ಇದೆ, ಇಲ್ಲಿ ನಿಂದೆಂತ ರಾಗ?”

ಸೆರಾಫಿನಮ್ಮನ ಕೂಗಿಗೆ ಅಡುಗೆಮನೆಯಲ್ಲಿದ್ದ ಸೊಸೆ ಎಲ್ಸಮ್ಮ ಬೆಚ್ಚಿ ಸುಮ್ಮನಾದಳು. ಕೊಪ್ಪ ಪೇಟೆಯ ಆ ಮನೆಯಲ್ಲಿ ಅದು ಜಪಮಾಲೆಯ ಹೊತ್ತು. ಯೇಸುವಿನ ಪಟದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು, ಪಟದ ಕೆಳಗೆ ಸಿ.ಡಿ. ಪ್ಲೇಯರ್ ಭಕ್ತಿಗೀತೆ ಹಾಡುತ್ತಿತ್ತು. ಕೂತವರ ಕಣ್ಣು ಮಾತ್ರ ದನಿ ಅಡಗಿಸಿಟ್ಟ ಟಿ.ವಿ. ಧಾರಾವಾಹಿಯ ಮೇಲೆ! ಬೆರಳು ಮಣಿ ಜಾರಿಸುತ್ತಿತ್ತು, ಬಾಯಿ ನಡುನಡುವೆ “ಅಯ್ಯೋ, ಆ ಮಾಟಗಾತಿ ಮತ್ತೆ ಬಂದ್ಲು ನೋಡು” ಎನ್ನುತ್ತಿತ್ತು. ಥೂ! ದೇವರಿಗೆ ಹಾಡುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಂಡ ಈ ಭಕ್ತಿಗೆ ಏನೆನ್ನಬೇಕು?

ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿದೆ. ಆ ಸಿ.ಡಿ.ಯಲ್ಲಿ ಹಾಡುತ್ತಿದ್ದವಳೂ ಎಲ್ಸಮ್ಮನೇ! ಅವಳ ಗಂಡ ಕ್ಲೆಮೆಂಟ್ ಊರಿನ ಚರ್ಚಿನ ಗಾಯನವೃಂದದ ಮುಂದಾಳು. ಮದುವೆಗಳಿಗೂ ಕೀಬೋರ್ಡ್ ನುಡಿಸಲು ಹೋಗುತ್ತಿದ್ದ. ಶನಿವಾರದ ರಿಸೆಪ್ಶನ್ನಿನಲ್ಲಿ ಜನರನ್ನು ಕುಣಿಸಿದ ತಾಳವನ್ನೇ ಭಾನುವಾರದ ಪೂಜೆಯಲ್ಲೂ ಒತ್ತುತ್ತಿದ್ದ. ಸಿನಿಮಾ ಧಾಟಿಗೆ ಯೇಸುವಿನ ಹೆಸರು ಜೋಡಿಸಿದರೆ ಕೀರ್ತನೆಯಾಯಿತು ಎಂದುಕೊಂಡಿದ್ದ. ಜನರೂ ಹಾಗೆಯೇ... ಬೆಂಚಿನಲ್ಲಿ ಕೈಕಟ್ಟಿ ಕೂತು ಕೇಳಿ, ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಿದ್ದರು. ಅವನು ಮಂಗಳೂರಿಗೆ ಹೋಗಿ ಹೆಂಡತಿಯ ಕೈಯಲ್ಲಿ ಹಾಡಿಸಿ ಸಿ.ಡಿ. ಮಾಡಿಸಿದಾಗ, ಹೊದಿಕೆಯ ಮೇಲೆ ಅಚ್ಚಾದದ್ದು ತನ್ನ ತಂಗಿ ಪ್ರೆಸಿಲ್ಲಾಳ ಹೆಸರು, ಪ್ರೆಸಿಲ್ಲಾಳ ಫೋಟೋ.

“ಅವಳಿಗೆ ಎರಡು ಸಂಬಂಧ ತಪ್ಪಿ ಹೋಗಿದೆ. ಅವಳಿಗೊಂದು ಹೆಸರು ಬೇಕು. ಮದುವೆ ಆದವಳು ನೀನು, ನಿಂಗೆ ಎಂತಕ್ಕೆ ಹೆಸರು?” ಎಂದಿದ್ದಳು ಸೆರಾಫಿನಮ್ಮ.

ಅವಳ ತವರು ನರಸಿಂಹರಾಜಪುರದ ಆಚೆ, ರಬ್ಬರ್ ಬೆಳೆಯುವ ಮಲಯಾಳಿ ಕುಟುಂಬ. ಆ ಮನೆಯಲ್ಲಿ ಸಂಜೆಯಾದರೆ ಚಾಪೆ ಹಾಸಿ ಚಿಕ್ಕವರು ದೊಡ್ಡವರೆಲ್ಲ ಕೂತು, ಯಾವ ವಾದ್ಯವೂ ಇಲ್ಲದೆ ಹಾಡುತ್ತಿದ್ದರು. ಮೊದಲ ದನಿ ತೆಗೆಯುತ್ತಿದ್ದವಳು ತಾಯಿ, ಮಕ್ಕಳ ಬಾಯಲ್ಲಿ ಅಮ್ಮಚ್ಚಿ. ಆ ಅಮ್ಮಚ್ಚಿ ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಅವಳು ಕೇಳಿದ್ದು ಒಂದೇ ಒಂದು... ಎಲ್ಸಿ ಬಂದು ತನ್ನ ಹಾಸಿಗೆಯ ಪಕ್ಕ ಕೂತು ಸಂಜೆಯ ಪ್ರಾರ್ಥನೆ ಹಾಡಬೇಕು. ಅದಕ್ಕಾಗಿಯೇ ಎಲ್ಸಮ್ಮ ಅಡುಗೆಮನೆಯಲ್ಲಿ ಆ ಹಾಡನ್ನು ನೆನಪು ಮಾಡಿಕೊಳ್ಳುತ್ತಿದ್ದದ್ದು.

“ಅತ್ತೆ, ನಾಳೆ ಊರಿಗೆ ಹೋಗಿ ಬರ್ಲಾ? ಅಮ್ಮಚ್ಚಿ ಕಾಯ್ತಾ ಇದ್ದಾರೆ.”

“ಭಾನುವಾರ ಆಗ್ಲಿ” ಎಂದಳು ಸೆರಾಫಿನಮ್ಮ, ಟಿ.ವಿ.ಯಿಂದ ಕಣ್ಣು ತೆಗೆಯದೆ.

ಭಾನುವಾರಕ್ಕೆ ಕಾರಣವಿತ್ತು. ಆ ವರ್ಷ, ಎರಡು ಸಾವಿರದ ಐದರಲ್ಲಿ, ಚರ್ಚಿಗೆ ಹೊಸದಾಗಿ ಬಂದ ಫಾದರ್ ಬೋನವೆಂಚರ್ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ಪೂಜೆಯಲ್ಲೇ ಹೇಳಿಬಿಟ್ಟಿದ್ದರು. “ಅವರು ಹಾಡ್ತಾರೆ, ನಾವು ಕೇಳ್ತೇವೆ ಅನ್ನೋದು ನಾಟಕಕ್ಕೆ ಸರಿ, ಪೂಜೆಗಲ್ಲ. ಕೀಬೋರ್ಡಿನ ತಾಳ ಬೇಡ, ಸಿನಿಮಾ ಧಾಟಿ ಬೇಡ. ಸಂಜೆ ನಿಮ್ಮ ನಿಮ್ಮ ಮನೇಲಿ ಕೂತು ಹಾಡಿ. ಒಂದೊಂದು ಭಾನುವಾರ ಒಂದೊಂದು ಕುಟುಂಬ ಇಲ್ಲಿ ನಿಂತು ಹಾಡಲಿ.” ಐದನೆಯ ಭಾನುವಾರ ಕ್ಲೆಮೆಂಟನ ಮನೆಯವರ ಸರದಿ. ಅದೇ ಪೂಜೆಗೆ ಜಯಪುರದಿಂದ ಹುಡುಗನ ಕಡೆಯವರು ಪ್ರೆಸಿಲ್ಲಾಳನ್ನು ನೋಡಲು ಬರುವವರಿದ್ದರು. ಹುಡುಗನ ತಾಯಿ ಸಿ.ಡಿ. ಕೇಳಿ ಮರುಳಾಗಿದ್ದಳು. ‘ಹಾಡುವ ಸೊಸೆ ಬೇಕು’ ಎಂದಿದ್ದಳು!

ಪ್ರೆಸಿಲ್ಲಾ ಬಾಯಿ ತೆರೆದರೆ ದನಿ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಆಗ ತಾಯಿ ಮಗ ಸೇರಿ ಒಂದು ಉಪಾಯ ಹೂಡಿದರು. ಚರ್ಚಿನ ಬದಿಯ ಗೋಡೆಗೆ ತಾಗಿ ಪಾಪನಿವೇದನೆಯ ಮರದ ಪೆಟ್ಟಿಗೆ ಇದೆಯಲ್ಲ, ಜನ ಮಂಡಿಯೂರಿ ತಮ್ಮ ತಪ್ಪುಗಳನ್ನು ಪಾದ್ರಿಯ ಕಿವಿಗೆ ಹೇಳಿಕೊಳ್ಳುವ ಜಾಗ... ಅದರ ಪರದೆ ಎಳೆದು ಎಲ್ಸಮ್ಮನನ್ನು ಒಳಗೆ ಕೂರಿಸುವುದು. ನೆಲಹಾಸಿನ ಅಡಿಯಿಂದ ಮೈಕಿನ ವೈರು ಎಳೆಯುವುದು. ಮುಂದೆ ನಿಂತ ಪ್ರೆಸಿಲ್ಲಾ ಸತ್ತ ಮೈಕಿಗೆ ತುಟಿ ಆಡಿಸುವುದು! ಓದುಗರೇ, ಇದನ್ನು ಬರೆಯುವಾಗಲೂ ನನಗೆ ವಾಕರಿಕೆ ಬರುತ್ತದೆ.

“ಪಾಪ ಹೇಳ್ಕೊಳ್ಳೋ ಜಾಗದಲ್ಲಿ ಕೂತು ಮೋಸ ಮಾಡೋದಾ ಅತ್ತೆ? ನನ್ನಿಂದ ಆಗಲ್ಲ” ಎಂದು ಎಲ್ಸಮ್ಮ ಅತ್ತಳು.

“ಹಾಗಾದ್ರೆ ತವರಿನ ಮಾತು ಎತ್ಬೇಡ” ಎಂದಳು ಅತ್ತೆ.

“ಒಂದೇ ಒಂದ್ಸಲ ಮಾರಾಯ್ತಿ” ಎಂದು ಕ್ಲೆಮೆಂಟ್ ಗೋಗರೆದ. “ತಂಗಿ ಬಾಳಿನ ಪ್ರಶ್ನೆ. ಸೋಮವಾರ ಮೊದಲ ಬಸ್ಸಿಗೆ ನಾನೇ ಹತ್ತಿಸ್ತೇನೆ.”

ತಾಯಿಯ ಮುಖ ನೋಡುವ ಆಸೆಗೆ ಎಲ್ಸಮ್ಮ ತಲೆಯಾಡಿಸಿದಳು.

ಗುರುವಾರ ಮಧ್ಯಾಹ್ನ ಅವಳು ಬಟ್ಟೆ ಒಗೆಯುತ್ತಿದ್ದಾಗ ಒಳಗೆ ಫೋನ್ ಬಡಿದುಕೊಂಡಿತು. ನರಸಿಂಹರಾಜಪುರದಿಂದ ಅವಳ ಅಣ್ಣ ಕುರಿಯಾಚನ್. “ಅಮ್ಮಚ್ಚಿಗೆ ಜೋರಾಗಿದೆ, ಎಲ್ಸಿನ ಕಳಿಸಿ.” ಸೆರಾಫಿನಮ್ಮ ಬೆಣ್ಣೆಯಂಥ ದನಿಯಲ್ಲಿ “ಅಯ್ಯೋ ದೇವರೇ, ಈಗ್ಲೇ ಹೇಳ್ತೇನೆ” ಎಂದು ಫೋನ್ ಇಟ್ಟಳು. ಹೇಳಲಿಲ್ಲ. ಶುಕ್ರವಾರವೂ ಫೋನ್ ಬಂತು, ಹೇಳಲಿಲ್ಲ. ಶನಿವಾರ ಫೋನ್ ಎತ್ತಿದವನು ಕ್ಲೆಮೆಂಟ್.

“ಅಮ್ಮ, ಪಾಪ... ಹೇಳಿಬಿಡೋಣ್ವಾ?”

“ಹೇಳಿದ್ರೆ ಅವಳು ನಾಳೆ ಹಾಡ್ತಾಳಾ? ಒಂದು ದಿನದಲ್ಲಿ ಎಂತ ಆಗಲ್ಲ. ಸುಮ್ನಿರು.”

ಸುಮ್ಮನಿದ್ದ! ಗಂಡಸು, ಗಂಡ, ದೇವರ ಮನೆಯಲ್ಲಿ ಜನರಿಗೆ ಹಾಡು ಕಲಿಸುವವನು... ದನಿ ಅಡಗಿಸಿಟ್ಟ ಟಿ.ವಿ.ಯ ಹಾಗೆ ಸುಮ್ಮನಿದ್ದ. ಆ ಸಂಜೆ ಎಲ್ಸಮ್ಮ ಅಮ್ಮಚ್ಚಿಗೆಂದು ಅಕ್ಕಿಹಿಟ್ಟು ಹುರಿದು ಡಬ್ಬಿಗೆ ತುಂಬುತ್ತಿದ್ದಳು. ಅವನು ಅವಳ ಎದುರಿಗೇ ಕೂತು ಊಟ ಮಾಡಿ ಎದ್ದ.

ಭಾನುವಾರ ಚರ್ಚು ತುಂಬಿತ್ತು. ಜಯಪುರದವರು ಎರಡನೆಯ ಬೆಂಚಿನಲ್ಲಿ ಕೂತಿದ್ದರು. ಕೀರ್ತನೆಯ ಹೊತ್ತಿಗೆ ತಾಯಿ, ಮಗ, ಮಗಳು ಮುಂದೆ ಬಂದು ನಿಂತರು. ಪಾತಾಳದ ಆಳದಿಂದ ದೇವರನ್ನು ಕೂಗುವ ಕೀರ್ತನೆ ಅದು. ಕತ್ತಲ ಪೆಟ್ಟಿಗೆಯೊಳಗೆ ಬೆವರುತ್ತ ಕೂತ ಎಲ್ಸಮ್ಮ ತಾಯಿಯನ್ನು ನೆನೆದು ದನಿ ತೆಗೆದಳು. ತಾಳವಿಲ್ಲ, ಥಳುಕಿಲ್ಲ. ಎಷ್ಟೋ ವರ್ಷಗಳಿಂದ ಕೈಕಟ್ಟಿ ಕೂತಿದ್ದ ಜನ ತಮಗೇ ತಿಳಿಯದೆ ಪಲ್ಲವಿಗೆ ದನಿ ಸೇರಿಸಿದರು. ಬಲಿಪೀಠದ ಬಳಿ ಕೂತಿದ್ದ ಫಾದರ್ ಕಣ್ಣೊರೆಸಿಕೊಂಡರು.

ಆಗಲೇ ಬದಿಯ ಬಾಗಿಲಿನಿಂದ ಕುರಿಯಾಚನ್ ಒಳಬಂದ. ಕೆದರಿದ ತಲೆ, ಬಾಡಿದ ಮುಖ. ಸೆರಾಫಿನಮ್ಮ ‘ಹೊರಗೆ ನಿಲ್ಲು’ ಎಂದು ಕೈಸನ್ನೆ ಮಾಡಿದಳು. ಅವನು ಲೆಕ್ಕಿಸದೆ, ಹತ್ತಿರ ನಿಂತಿದ್ದ ಪ್ರೆಸಿಲ್ಲಾಳ ಕಿವಿಗೆ ಬಾಗಿದ.

“ಎಲ್ಸಿ ಎಲ್ಲಿ? ಬೆಳಗಾಗುವಾಗ ಅಮ್ಮಚ್ಚಿ ಹೋಗಿಬಿಟ್ರು... ಗುರುವಾರದಿಂದ ಫೋನ್ ಮಾಡಿದ್ದೇನಲ್ಲ, ಯಾಕೆ ಕಳಿಸಲಿಲ್ಲ?”

ಪ್ರೆಸಿಲ್ಲಾಳಿಗೆ ಆ ಫೋನಿನ ವಿಷಯ ಗೊತ್ತಿರಲಿಲ್ಲ. ಅವಳು ತಾಯಿಯ ಮುಖ ನೋಡಿದಳು. ಎಲ್ಲವೂ ಅಲ್ಲಿ ಬರೆದಿಟ್ಟಂತಿತ್ತು. ಅವಳ ತುಟಿಗಳು ನಿಂತುಹೋದವು.

ಹಾಡು ನಿಲ್ಲಲಿಲ್ಲ.

ಮುಂದೆ ನಿಂತವಳ ಬಾಯಿ ಮುಚ್ಚಿದೆ, ಕೀರ್ತನೆ ಮಾತ್ರ ಚರ್ಚಿನ ತುಂಬ ಕೇಳುತ್ತಿದೆ! ಜನ ಒಬ್ಬರ ಮುಖ ಒಬ್ಬರು ನೋಡಿದರು. “ಹಾಡೇ, ಹಾಡು!” ಎಂದು ಸೆರಾಫಿನಮ್ಮ ಮಗಳ ತೋಳು ಚಿವುಟಿದಳು. ಪ್ರೆಸಿಲ್ಲಾ ತೋಳು ಕೊಸರಿಕೊಂಡು, ಜಯಪುರದವರ ಎದುರಿಗೇ ನಡೆದು ಹೋಗಿ ಪರದೆ ಸರಿಸಿದಳು.

“ಅತ್ತಿಗೆ... ಸಾಕು. ನಿಮ್ಮಣ್ಣ ಬಂದಿದ್ದಾರೆ.”

ಎಲ್ಸಮ್ಮ ಮೈಕು ಹಿಡಿದುಕೊಂಡೇ ಹೊರಬಂದಳು. ಅಣ್ಣನ ಮುಖ ಕಂಡಳು. “ಅಮ್ಮಚ್ಚಿ?” ಎಂದು ಅವಳು ಕೇಳಿದ್ದು ಎರಡೂ ಸ್ಪೀಕರಿನಲ್ಲಿ ಮೊಳಗಿತು. ಅವನು ತಲೆ ತಗ್ಗಿಸಿದ.

“ಯಾವಾಗ... ನಂಗೆ ಯಾಕೆ ಹೇಳ್ಲಿಲ್ಲ?”

“ಮೂರು ದಿನ ಫೋನ್ ಮಾಡಿದೆ ಎಲ್ಸಿ ಮೋಳೇ. ನಿನ್ನ ಅತ್ತೆ ತೆಗೆದ್ರು. ನಿನ್ನೆ ನಿನ್ನ ಗಂಡನೇ ತೆಗೆದ. ಅಮ್ಮಚ್ಚಿ ಬಾಗಿಲು ನೋಡ್ತಾ ನೋಡ್ತಾನೇ...”

ಎಲ್ಸಮ್ಮ ಗಂಡನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ? ನಿನ್ನೆ ನನ್ನ ಎದುರಿಗೆ ಕೂತು ಉಣ್ಣುವಾಗ... ಗೊತ್ತಿತ್ತಾ?”

ಕ್ಲೆಮೆಂಟ್ ತಾಯಿಯ ಕಡೆ ನೋಡಿದ. ಅವಳ ಕೈಯ ಮೈಕು ನೆಲಕ್ಕೆ ಬಿದ್ದು ಕಿರುಚಿತು. ಜಯಪುರದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೊರಟಳು. ಹೋದ ಸಂಬಂಧ ಹೋಯಿತು, ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ.

ಅಮ್ಮಚ್ಚಿಯ ಶವದ ಮುಂದೆ ನೆರೆಹೊರೆಯವರು ಹಾಡಿದರು. ಮಗಳು ಹಾಡಲಿಲ್ಲ. ಬಾಯಿ ತೆರೆದರೂ ದನಿ ಹೊರಡಲಿಲ್ಲ. ಈಸ್ಟರ್ ಹಬ್ಬ ಕಳೆದ ಮೇಲೆ, ತವರಲ್ಲೇ ಉಳಿದವಳನ್ನು ಕ್ಲೆಮೆಂಟ್ ಕರೆಯಲು ಹೋದಾಗ ಅವಳು ಮುಖವೆತ್ತಲಿಲ್ಲ. ಪ್ರೆಸಿಲ್ಲಾ ಹೋಗಿ ಕಾಲು ಹಿಡಿದು ಅತ್ತ ಮೇಲೆ ಎಲ್ಸಮ್ಮ ಕೊಪ್ಪಕ್ಕೆ ಬಂದಳು.

ಮನೆ ಬದಲಾಗಿತ್ತು, ನಿಜ. ಸಂಜೆ ಟಿ.ವಿ. ಕಣ್ಣು ಬಿಡುತ್ತಿರಲಿಲ್ಲ. ಚಾಪೆ ಹಾಸಿ ತಾಯಿ, ಮಗ, ಮಗಳು ಮೂವರೂ ಹಾಡುತ್ತಿದ್ದರು. ಸೆರಾಫಿನಮ್ಮನ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು, ಕೀಬೋರ್ಡ್ ಇಲ್ಲದೆ ಕ್ಲೆಮೆಂಟನಿಗೆ ಶ್ರುತಿ ಸಿಗುತ್ತಿರಲಿಲ್ಲ. ಫಾದರ್ ಬೋನವೆಂಚರ್ ಭಾನುವಾರದ ಪ್ರವಚನದಲ್ಲಿ ಆ ಮನೆಯನ್ನೇ ಉದಾಹರಣೆ ಕೊಟ್ಟು, ಊರಿನ ಮನೆಮನೆಯಲ್ಲೂ ಹೀಗೆ ಹಾಡು ಶುರುವಾಗಿದೆ ಎಂದು ಹಿಗ್ಗಿದರು. ಎಲ್ಸಮ್ಮ ಮಾತ್ರ ಗೋಡೆಗೊರಗಿ, ಮಣಿ ಎಣಿಸುತ್ತ, ತುಟಿ ಬಿಗಿದು ಕೂತಿರುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರಿಗೆ ಕೈಮುಗಿದು ಆಶೀರ್ವಾದ ಕೇಳುವುದು ಅವರ ಮನೆಗಳ ಪದ್ಧತಿ. ಒಂದು ಸಂಜೆ ಎಲ್ಸಮ್ಮ ಕೈಮುಗಿಯುವ ಮೊದಲೇ ಸೆರಾಫಿನಮ್ಮ ಮಂಡಿಯೂರಿ ಸೊಸೆಯ ಮುಂದೆ ಕೈಮುಗಿದಳು.

“ಇವತ್ತು ನೀನು ನಂಗೆ ಆಶೀರ್ವಾದ ಮಾಡು ಮಗಾ... ನಾನು ಪಾಪಿ. ಒಂದು ಸಾಲು ಹಾಡು. ನಿನ್ನ ದನಿ ಕೇಳದೆ ನಂಗೆ ನಿದ್ದೆ ಬರಲ್ಲ!”

ಎಲ್ಸಮ್ಮ ಆ ನರೆತ ತಲೆಯನ್ನು ನೋಡಿದಳು. ಆಮೇಲೆ ಬಲಗೈಯ ಹೆಬ್ಬೆರಳಿನಿಂದ ಅತ್ತೆಯ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದಳು.

“ದೇವರು ನಿಮಗೆ ಒಳ್ಳೇದು ಮಾಡ್ಲಿ ಅತ್ತೆ. ಹಾಡು ಮಾತ್ರ ಕೇಳ್ಬೇಡಿ. ಅದನ್ನ ಕೇಳ್ಬೇಕಾದವರು ಕಾದು ಕಾದು ಹೋದ್ರು.”

ಸೆರಾಫಿನಮ್ಮ ಬಿಕ್ಕಿದಳು. ಎಲ್ಸಮ್ಮ ಅವಳ ತೋಳು ಹಿಡಿದು ಎಬ್ಬಿಸಿ ಚಾಪೆಯ ಮೇಲೆ ಕೂರಿಸಿದಳು.

“ನೀವು ಹಾಡಿ. ನಾನು ಕೇಳ್ತೇನೆ” ಎಂದಳು.