ಕೈಪಂಪಿನ ಕೊನೆಯ ಬಾಟಲಿ

“ಅಯ್ಯೋ... ಅದು ಕುಡಿಯೋ ನೀರಲ್ಲ ರೀ!”

ಅವಳು ಓಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬೆಟ್ಟ ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಆ ಮನುಷ್ಯ, ಮೇಜಿನ ಮೇಲಿದ್ದ ಗಾಜಿನ ಬಾಟಲಿಯನ್ನು ಎತ್ತಿ ಗಟಗಟನೆ ಖಾಲಿ ಮಾಡಿ, ಅಂಗೈಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದ.

“ಮತ್ತೇನು ಇದು? ಔಷಧಿನಾ?” ಅವನ ಮುಖ ಬಿಳಿಚಿಕೊಂಡಿತು.

ಅವಳು ಬಾಟಲಿ ಕಿತ್ತುಕೊಂಡು ತಲೆಕೆಳಗು ಮಾಡಿದಳು. ಒಂದು ಹನಿ ಅಂಗೈಗೆ ಬಿತ್ತು. ಇನ್ನೊಂದು ಬೀಳಲಿಲ್ಲ.

“ನಮ್ಮಮ್ಮನ ಮನೆ ನೀರು...” ಎಂದಳು.

“ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ. ಮನೆ ಎಲ್ಲಿದೆ ಹೇಳಿ, ನಾನೇ ಹೋಗಿ ತುಂಬಿಸ್ಕೊಂಡು ಬರ್ತೀನಿ.”

“ಎಲ್ಲಿಂದ ತರ್ತೀರಿ? ಅಮ್ಮನೂ ಇಲ್ಲ, ಮನೆಯೂ ಇಲ್ಲ.”



ಬೆಟ್ಟದ ಮೇಲೆ, ಕೆರೆಯ ದಂಡೆಯಲ್ಲಿ ನಡೆಯುವ ನೀರಿನ ಶಿಬಿರ ಅದು. ನಡೆಸುವಾಕೆ ಒಂದು ಕಾಲದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವರು. ಎಲ್ಲರ ಬಾಯಲ್ಲೂ ನೀರಮ್ಮ. ಬೆಳಗಿನ ಹೊತ್ತು ಕೆರೆಯ ಮುಂದೆ ಮೌನ, ಕೊನೆಯ ಸಂಜೆ ಒಂದು ಸಣ್ಣ ವಿಧಿ. ಬಂದವರು ತಮ್ಮ ತಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತಂದು, ಅದು ಎಲ್ಲಿಯದು ಎಂದು ಹೇಳಿ, ಕೆರೆಗೆ ಸುರಿಯಬೇಕು. “ನೀರು ಹಾದುಬಂದ ದಾರೀನ ಮರೆಯಲ್ಲ. ಮಣ್ಣೋ ಕಲ್ಲೋ, ಏನಾದರೂ ಎತ್ತಿಕೊಂಡೇ ಬರುತ್ತೆ” ಎನ್ನುವುದು ನೀರಮ್ಮನ ವೇದಾಂತ.

ಅವಳ ನೀರು ಎತ್ತಿಕೊಂಡು ಬಂದಿದ್ದು ಕಬ್ಬಿಣವನ್ನು. ಬಾಡಿಗೆ ಮನೆಯ ಹಿಂದೊಂದು ಹಳೇ ಕೈಪಂಪು. ಅದರ ನೀರಲ್ಲಿ ಬಿಳಿ ಬಟ್ಟೆ ಒಗೆದರೆ ಹಳದಿ, ಚಹಾ ಮಾಡಿದರೆ ಕಪ್ಪು. ಆದರೂ ಅಮ್ಮನಿಗೆ ಆ ನೀರೆಂದರೆ ಪ್ರಾಣ.

“ಕೊನೇ ಗುಟುಕು ನಾಲಿಗೆ ಮೇಲೆ ಒಂದು ಗಳಿಗೆ ನಿಲ್ಲಿಸು. ಸಿಹಿ ಬರುತ್ತೆ.”

“ಹೆತ್ತವರಿಗೆ ಹೆಗ್ಗಣ ಮುದ್ದು ಕಣಮ್ಮ. ನಿನಗೆ ಈ ಪಂಪು.”

ತಾಯಿ ಮಗಳು ಇಬ್ಬರೇ ಇದ್ದ ಮನೆ. ಅಮ್ಮ ಹೋದ ಮೇಲೆ ಮಾಲೀಕರು ಮನೆ ಮಾರಿದರು, ಪಂಪು ಕಿತ್ತರು, ಈಗ ಅಲ್ಲಿ ಚಪ್ಪಲಿ ಅಂಗಡಿ. ಕೀಲಿಕೈ ಒಪ್ಪಿಸುವ ಮೊದಲು ಅವಳು ತುಂಬಿಸಿಕೊಂಡದ್ದು ಈ ಒಂದೇ ಬಾಟಲಿ.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರ ಕಣ್ಣಿಗೆ ಗಾಜು ಬದಲಿಸುತ್ತಾ “ಈಗ ಕಾಣುತ್ತಾ? ಈಗ?” ಎಂದು ದಿನವಿಡೀ ಕೇಳುವುದು. ಸಂಜೆ ಈಗಿನ ಮನೆಯ ಬಾಗಿಲು ತೆಗೆದು ಒಳಗೆ ಹೋದರೆ, ಅವಳನ್ನು ಏನಾದರೂ ಕೇಳಲು ಆ ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಬಾಟಲಿಯೊಂದು ಅಡುಗೆಮನೆಯ ಕಿಟಕಿಯಲ್ಲಿತ್ತು.

ಈಗ ಅದೂ ಹೋಯಿತು.

ಮರುದಿನ ಎದ್ದು ನೋಡುತ್ತಾಳೆ... ಕೋಣೆಯ ಹೊಸ್ತಿಲ ಹೊರಗೆ ಬಿಟ್ಟಿದ್ದ ಖಾಲಿ ಬಾಟಲಿ ತುಂಬಿದೆ! ಒಂದು ಗುಟುಕು ಕುಡಿದಳು. ಸಪ್ಪೆ. ನಲ್ಲಿ ನೀರು.

ಅವಳಿಗೆ ರೋಷ ಉಕ್ಕಿತು. ಕೆರೆಯ ಮುಂದೆ ಎಲ್ಲರೂ ಮೌನವಾಗಿ ಕುಳಿತಿದ್ದಾರೆ ಎನ್ನುವುದನ್ನೂ ಮರೆತು ಬಾಟಲಿ ಹಿಡಿದು ನೇರ ಅವನ ಮುಂದೆ ಹೋಗಿ ನಿಂತಳು.

“ತುಂಬಿಸಿಟ್ಟರೆ ಮುಗೀತು ಅಂದ್ಕೊಂಡ್ರಾ? ನಿಮಗೆ ಎಲ್ಲಾ ನೀರೂ ಒಂದೇನಾ?”

ಅವನು ಬಾಟಲಿಯನ್ನು ನೋಡಿದ. ಆಮೇಲೆ ಅವಳ ಭುಜದಾಚೆ, ತಲೆ ತಗ್ಗಿಸಿ ಕುಳಿತಿದ್ದ ನೀರಮ್ಮನನ್ನು ನೋಡಿದ.

“ತಪ್ಪಾಯ್ತು” ಎಂದ, ಅಷ್ಟೇ.

ಆಮೇಲೆ ಅವಳು ಕೆರೆಗೆ ಬಂದರೆ ಅವನು ಎದ್ದು ಹೋಗುತ್ತಿದ್ದ. ಊಟದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬನೇ ಕೂರುತ್ತಿದ್ದ. ಅವನದು ಲಿಫ್ಟ್ ರಿಪೇರಿ ಕೆಲಸ ಎಂದು ಯಾರೋ ಮಾತಾಡಿಕೊಂಡರು. ಅವನ ಅಕ್ಕ ಶಿಬಿರದಲ್ಲಿ ತನಗಾಗಿ ಕಾದಿರಿಸಿದ್ದ ಜಾಗಕ್ಕೆ, ಕಾಲು ಉಳುಕಿತೆಂದು ತಮ್ಮನನ್ನು ಅಟ್ಟಿದ್ದಳಂತೆ. ಇದನ್ನೆಲ್ಲ ಅವಳಾಗಿ ಯಾರನ್ನೂ ಕೇಳಿರಲಿಲ್ಲ. ಆದರೂ ಕಿವಿಗೆ ಬಿದ್ದದ್ದು ಮನಸ್ಸಿನಲ್ಲಿ ಉಳಿಯಿತು.

‘ಎದ್ದು ಯಾಕೆ ಹೋಗಬೇಕು? ಕೂತಿದ್ದರೆ ನಾನೇನು ನುಂಗ್ತೀನಾ?’

ವಿಚಿತ್ರ ನೋಡಿ, ಅವನು ಎದ್ದು ಹೋದ ಮೇಲೆ ದಂಡೆ ಇನ್ನೂ ಖಾಲಿ ಅನ್ನಿಸುತ್ತಿತ್ತು. ಕೋಪ ಮಾಡಿಕೊಳ್ಳುವುದಕ್ಕಾದರೂ ಒಬ್ಬರು ಬೇಕಲ್ಲ.

ಕೊನೆಯ ದಿನ ಮಧ್ಯಾಹ್ನ ನೀರಮ್ಮ ಅವಳ ಪಕ್ಕ ಬಂದು ಕುಳಿತರು.

“ಆ ಬಾಟಲಿ ತುಂಬಿಸಿದ್ದು ನಾನು ಮಗಳೇ. ಖಾಲಿ ಬಾಟಲಿ ನೋಡಿ ಕರುಳು ಚುರುಕ್ ಅಂತು. ನಿನಗೆ ಸಮಾಧಾನ ಆಗುತ್ತೇನೋ ಅಂತ... ಬುದ್ಧಿ ಇಲ್ಲದ ಕೆಲಸ ಮಾಡಿದೆ.”

“ಮತ್ತೆ ಅವರು ಯಾಕೆ ಬೈಸಿಕೊಂಡು ಸುಮ್ಮನಿದ್ರು?”

“ಎಲ್ಲರ ಮುಂದೆ ಈ ಮುದುಕಿ ಮಾನ ಹೋಗಬಾರದು ಅಂತ ಇರಬೇಕು. ನಾನೂ ಬಾಯಿ ಬಿಡಲಿಲ್ಲ ನೋಡು.”

ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಸಂಜೆಯಾಯಿತು. ಒಬ್ಬೊಬ್ಬರೇ ಕೆರೆಗೆ ಇಳಿದು, ತಮ್ಮ ಮನೆಯ ಹೆಸರು ಹೇಳಿ ನೀರು ಸುರಿದರು. ಅವಳ ಸರದಿ ಬಂತು. ನಲ್ಲಿ ನೀರನ್ನು ಚೆಲ್ಲಿ ಮತ್ತೆ ಖಾಲಿ ಮಾಡಿದ್ದ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಏನು ಹೇಳುವುದು? ಇದರಲ್ಲಿ ನೀರಿತ್ತು, ಅಮ್ಮ ಇದ್ದಳು, ನಂಬಿ ಎನ್ನುವುದೇ? ಆ ಮನೆಯನ್ನು ಕಂಡವರು ಇಲ್ಲಿ ಯಾರಿದ್ದಾರೆ! ಕಣ್ಣು ಮಂಜಾಯಿತು.

“ನಾನು ಹೇಳಲಾ?”

ಅವನು ಎರಡು ಮೆಟ್ಟಿಲು ಮೇಲೆ ನಿಂತಿದ್ದ. ಅವಳು ಬೇಡ ಎನ್ನಲಿಲ್ಲ.

“ಇವರ ನೀರಿಗೆ ಕಬ್ಬಿಣದ ರುಚಿ ಇತ್ತು” ಎಂದ ಅವನು, ಎಲ್ಲರಿಗೂ ಕೇಳುವಂತೆ. “ಚಿಕ್ಕವರಿದ್ದಾಗ ಬೀಗದ ಕೈ ಬಾಯಲ್ಲಿ ಇಟ್ಕೊಳ್ತಿದ್ವಲ್ಲ, ಹಾಗೆ. ಮೊದಲು ಒಗರು. ಆದರೆ ಕೊನೇ ಗುಟುಕು ನಾಲಿಗೆ ಮೇಲೆ ನಿಂತಿತ್ತು... ಅದು ಸಿಹಿ ಇತ್ತು.”

ಅವಳು ಗಕ್ಕನೆ ತಿರುಗಿದಳು.

“ಏನಂದ್ರಿ?”

“ಸಿಹಿ. ಸ್ವಲ್ಪವೇ. ಯಾಕೆ, ನಿಮಗೆ ಗೊತ್ತಿಲ್ವಾ?”

“ಅಮ್ಮ ಹೇಳ್ತಿದ್ದಳು... ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ನಗ್ತಿದ್ದೆ ಅವಳನ್ನ.”

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಅಮ್ಮ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಸಾಕ್ಷಿ ಹೇಳಬಲ್ಲ ಜೀವ ಈ ಲೋಕದಲ್ಲಿ ಒಂದು ಉಳಿದಿದೆ!

ಉಳಿದವರು ಮೆಲ್ಲನೆ ಎದ್ದು ಹೋದರು. ಅವನು ಒಂದು ಮಾರು ದೂರದಲ್ಲಿ ಕುಳಿತ. ಈ ಸಲ ಎದ್ದು ಹೋಗಲಿಲ್ಲ.

“ಬೈದಿದ್ದಕ್ಕೆ ಕ್ಷಮಿಸಿ” ಎಂದಳು ಮೂಗೊರೆಸಿಕೊಳ್ಳುತ್ತಾ. “ಹೊಟ್ಟೆಗೆ ಏನೂ ಆಗ್ಲಿಲ್ವಾ? ವರ್ಷದ ಹಳೇ ನೀರು ಅದು.”

“ಎರಡು ದಿನ ಹೊಟ್ಟೆ ಕೆಟ್ಟಿತ್ತು. ಯಾವ ಮುಖ ಇಟ್ಕೊಂಡು ಹೇಳಲಿ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅವನು ಚೀಲದಿಂದ ತನ್ನ ಬಾಟಲಿ ತೆಗೆದ. ಬಾಯಿಯ ಸುತ್ತ ಟೇಪು. “ಅಕ್ಕ ಫೋನಲ್ಲಿ, ನಿನ್ನ ಮನೆ ನಲ್ಲೀಲಿ ತುಂಬಿಸಿ ಸುತ್ತಿಟ್ಕೋ, ಬಿಚ್ಚಬೇಡ ಅಂದಿದ್ದಳು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ರೆ ಅವತ್ತು ನಿಮ್ಮದನ್ನ ಮುಟ್ಟುತ್ತಿರಲಿಲ್ಲ.” ಬಾಟಲಿಯನ್ನು ಕೈಯಲ್ಲೇ ತಿರುಗಿಸಿದ. “ಇವತ್ತು ಸುರಿಯೋಕೆ ಮನಸ್ಸು ಬರಲಿಲ್ಲ. ನಮ್ಮನೇಲೂ ನಾನೊಬ್ಬನೇ. ಯಾರ ಹೆಸರು ಹೇಳಿ ಸುರೀಲಿ?”

ಅವಳು ಕೈ ಚಾಚಿದಳು. ಅವನು ಬಾಟಲಿ ಕೊಟ್ಟ. ಅವಳು ಉಗುರಿನಿಂದ ಟೇಪು ಬಿಚ್ಚಿ, ಅವನು ನೋಡುತ್ತಿದ್ದಂತೆಯೇ ಬಾಯಿಗೆತ್ತಿದಳು.

“ರೀ, ಅದು ಕುಡಿಯೋ ನೀರಲ್ಲ...”

“ನನ್ನದು ಕುಡಿಯುವಾಗ ನೀವು ಕೇಳಿದ್ರಾ?”

ಅರ್ಧ ಕುಡಿದು ಅವಳು ಕೊನೆಯ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿದಳು. ಅವನು ಉಸಿರು ಬಿಗಿಹಿಡಿದು ಕಾದ.

“ಸಿಹಿ ಇದೆಯಾ?”

“ಇನ್ನೂ ಗೊತ್ತಾಗ್ತಿಲ್ಲ” ಎಂದಳು ಅವಳು. “ದಿನಾ ಕುಡಿದು ನೋಡಬೇಕು.”