ಪಾತುಮ್ಮ ಹೊಗಳಿದ ಚಹಾ

ಬಲ್ಮಠದ ನರ್ಸಿಂಗ್ ಹೋಮಿನಲ್ಲಿ ಬೆಳಿಗ್ಗೆ ನೋಡುವಾಗ ಪಾತುಮ್ಮನ ಮೈ ತಣ್ಣಗಾಗಿತ್ತು. ಸೊಸೆ ರುಖಿಯಾ ಚಹಾದ ಫ್ಲಾಸ್ಕ್ ಹಿಡಿದು ಬಾಗಿಲಲ್ಲೇ ನಿಂತಳು.

"ಇವಳೇ ಕೊಂದದ್ದು!" ಮಗ ಸಮದ್ ಕೂಗಿದ. "ಸಕ್ಕರೆ ಕಾಯಿಲೆಗೆ ಸಕ್ಕರೆ ಚಹಾ! ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ."

ಡಾಕ್ಟರ್ ಪಡಿಯಾರ್ ಇಲ್ಲಿ ಮಧುನಾಶಿನಿ ಎಲೆಯ ಕಷಾಯವನ್ನು ಪರೀಕ್ಷಿಸುತ್ತಿದ್ದರು. ರೋಗಿಗಳಿಗೆ ಇನ್ಸುಲಿನ್ ಸೂಜಿ ನಿಲ್ಲಿಸಿ, ಕಷಾಯ ಮಾತ್ರ.

"ಪಥ್ಯ ಮುರಿದರೆ ನಾನೆಂತ ಮಾಡ್ಲಿ?" ಎಂದರು ದೂರು ಕೇಳಿ ಬಂದ ಸಬ್ ಇನ್‌ಸ್ಪೆಕ್ಟರ್ ಲೋಕಯ್ಯನವರಿಗೆ.

*

"ಸಕ್ಕರೆ ಹಾಕಿದ್ದು ಹೌದಾ?" ಲೋಕಯ್ಯ ರುಖಿಯಾಳನ್ನು ಕೇಳಿದರು.

"ಅರ್ಧ ಚಮಚ, ಸರ್. ನಿನ್ನೆ ಮಾತ್ರ. ಕಷಾಯ ಕುಡಿದು ಬಾಯಿ ಕಹಿ ಅಂತ ಮಾಮಿ ಕೇಳಿದ್ರು. ಕೂಡ್ಲೇ ಕೊಟ್ಟೆ. 'ಎಷ್ಟು ಸಿಹಿ ಉಂಟು!' ಅಂತ ನಕ್ಕರು." ರುಖಿಯಾ ತಲೆ ತಗ್ಗಿಸಿದಳು. "ಮದುವೆಯಾಗಿ ಬಂದ ಮೇಲೆ ನನ್ನ ಚಹಾ ಹೊಗಳಿದ್ದು ಅದೊಂದೇ ಸಲ."

ಪಕ್ಕದ ಮಂಚದ ಅಮ್ಮಣಿ ನಕ್ಕಳು. "ಸುಳ್ಳು ಹೇಳ್ಬೇಡ ಮಾರಾಯ್ತಿ. ಆ ಕಷಾಯ ಕುಡಿದ ಬಾಯಿಗೆ ಬೆಲ್ಲವೂ ಮಣ್ಣು. ನನ್ನ ಮಗಳು ಪಾಯಸ ತಂದ್ರೆ ಗಂಜಿ ಅಂತ ಬೈದೆ!"

ಲೋಕಯ್ಯ ನಗಲಿಲ್ಲ. ಇಬ್ಬರ ಕಷಾಯದ ಸೀಸೆಗಳನ್ನೂ ತರಿಸಿದರು.

*

"ವಿಷ ಅಂತ ಅನುಮಾನವಾ?" ಡಾಕ್ಟರು ಪಾತುಮ್ಮನ ಸೀಸೆಯಿಂದ ತಾವೇ ಒಂದು ಗುಟುಕು ಕುಡಿದರು.

ಲೋಕಯ್ಯನವರೂ ಕುಡಿದು, ನಾಲಗೆಗೆ ಸಕ್ಕರೆ ಇಟ್ಟುಕೊಂಡರು. ಸಿಹಿ. ಅಮ್ಮಣಿಯ ಸೀಸೆಯಿಂದ ಕುಡಿದು ಮತ್ತೆ ಇಟ್ಟುಕೊಂಡರು. ಮರಳು ಅಗಿದಂತೆ, ಸಿಹಿಯೇ ಇಲ್ಲ.

"ಆ ಎಲೆ ನಾಲಗೆಯ ಸಿಹಿ ಕೊಲ್ಲುತ್ತದೆ. ಪಾತುಮ್ಮನದರಲ್ಲಿ ಎಲೆಯೇ ಇಲ್ಲ. ಬರೀ ಕಹಿನೀರು."

ಡಾಕ್ಟರ ಮುಖ ಬಿಳಿಚಿತು. "ಕೆಲವರಿಗೆ ಎಲೆ ಕೊಡದಿದ್ದರೆ ಅದರ ಗುಣ ಗೊತ್ತಾಗುವುದು ಹೇಗೆ? ಹೋಲಿಕೆ ಬೇಕಲ್ಲ."

"ಅವರಿಗೆ ಹೇಳಿದ್ದೀರಾ?"

"ಹೇಳಿದರೆ ಯಾರು ಒಪ್ತಾರೆ?"

"ಸೂಜಿಯೂ ಇಲ್ಲ, ಎಲೆಯೂ ಇಲ್ಲ. ಸತ್ತ ಮೇಲೆ ತಪ್ಪು ಸೊಸೆಯದ್ದು. ನಡೀರಿ ಸ್ಟೇಷನ್ನಿಗೆ."

ಮೇಜಿನ ಮೇಲೆ ಸಕ್ಕರೆ ಪರೀಕ್ಷೆಗೆ ಅಮ್ಮಣಿಯ ಮೂತ್ರ ಕಾಯಿಸಿದ ಗಾಜಿನ ನಳಿಕೆಯಿತ್ತು. ಸಕ್ಕರೆ ಇಳಿದಿದ್ದರೆ ಅದು ನೀಲಿಯಾಗಿರಬೇಕಿತ್ತು. ಇಟ್ಟಿಗೆಯಂತೆ ಕೆಂಪಗಿತ್ತು.

"ಅಮ್ಮಣಿಯವರಿಗೆ ಈಗಲೇ ಸೂಜಿ ಕೊಡಿ," ಎಂದು ಲೋಕಯ್ಯ ನರ್ಸಿಗೆ ಹೇಳಿದರು.

*

"ಅರ್ಧ ಚಮಚ ಸಕ್ಕರೆಗೆ ಯಾರೂ ಸಾಯುವುದಿಲ್ಲಮ್ಮ. ಸೂಜಿ ನಿಲ್ಲಿಸಿದ್ದಕ್ಕೆ ಸತ್ತರು." ಲೋಕಯ್ಯ ಎಲ್ಲವನ್ನೂ ಬಿಡಿಸಿ ಹೇಳಿದರು. ಸಮದ್ ಕೇಳಿಸಿಕೊಂಡ.

"ನಿಜವಾದ ಎಲೆ ಕೊಟ್ಟಿದ್ರೆ ಮಾಮಿ ಉಳೀತಿದ್ರಾ?" ರುಖಿಯಾ ಕೇಳಿದಳು.

ಲೋಕಯ್ಯನವರಿಗೆ ನಿಜವಾದ ಎಲೆ ಕುಡಿದ ಅಮ್ಮಣಿಯ ಕೆಂಪು ನಳಿಕೆ ನೆನಪಾಯಿತು.

ಸಮದ್ ತಾಯಿಯ ಹೆಣದೊಂದಿಗೆ ಗಾಡಿ ಹತ್ತಿದ. ಹೆಂಡತಿಯತ್ತ ನೋಡಲಿಲ್ಲ, ಬಾ ಎನ್ನಲಿಲ್ಲ.

ರುಖಿಯಾ ಖಾಲಿ ಮಂಚದ ಮೇಲೆ ಕುಳಿತಳು. ಹೊಗಳಿದರಲ್ಲ ಎಂದು ಇವತ್ತೂ ಅಷ್ಟೇ ಸಕ್ಕರೆ ಹಾಕಿ ತಂದಿದ್ದಳು. ಫ್ಲಾಸ್ಕ್ ತೆರೆದು ಒಂದು ಗುಟುಕು ಕುಡಿದಳು.

ಮಾಮಿ ಹೇಳಿದ್ದು ಸುಳ್ಳಲ್ಲ. ಸಿಹಿಯೇ ಇತ್ತು.