ಹಲ್ಲಿನವನ ಎಂಗೇಜ್‌ಮೆಂಟ್

"'ಗುಡ್' ಆದ್ಮೇಲೆ 'ಇನ್' ಅಲ್ಲ ರೀ, 'ಆ್ಯಟ್'," ಎಂದು ಅವನು ಅವಳ ಪುಸ್ತಕದತ್ತ ಬಗ್ಗಿ ಪಿಸುಗುಟ್ಟಿದ.

"ಹೌದಾ? ಹಾಗಾದ್ರೆ ನೀವು 'ಅಫ್ರೇಡ್' ಮುಂದೆ 'ಫ್ರಮ್' ಅಂತ ಬರ್ದಿರೋದು ಯಾಕೋ?"

ಅವನು ತನ್ನ ಪುಸ್ತಕ ನೋಡಿಕೊಂಡು ನಾಲಿಗೆ ಕಚ್ಚಿಕೊಂಡ. "ಮೇಡಂ ನೋಡೋ ಮೊದ್ಲು ರಬ್ಬರ್ ಕೊಡಿ. ಪುಣ್ಯ ಬರುತ್ತೆ."

ರಬ್ಬರ್ ಕೊಡುವಾಗ ಅವಳು ನಗು ತಡೆದುಕೊಂಡಳು. ಅವಳು ತಡೆದುಕೊಂಡಿದ್ದನ್ನು ಅವನು ನೋಡಿದ. ಅವನು ನೋಡಿದ್ದು ಅವಳಿಗೆ ಗೊತ್ತಾಯಿತು. ಅಷ್ಟಕ್ಕೇ ಆ ಮಧ್ಯಾಹ್ನ ಸಾರ್ಥಕವಾಯಿತು.

ಲೈಬ್ರರಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ದೊಡ್ಡವರಿಗಾಗಿ ಇಂಗ್ಲಿಷ್ ಕ್ಲಾಸು. ಕಲಿಸುತ್ತಿದ್ದ ಮೇಡಂ ಪೋಸ್ಟ್ ಆಫೀಸಿನಿಂದ ನಿವೃತ್ತರಾದವರು. ಬೋರ್ಡಿನ ಮೇಲೆ ಉದ್ದಕ್ಕೆ ಜೋಡಿಪದಗಳನ್ನು ಬರೆಯುತ್ತಿದ್ದರು: ವೇಟ್ ಫಾರ್, ಡಿಪೆಂಡ್ ಆನ್, ಪ್ರೌಡ್ ಆಫ್, ಇಂಟ್ರೆಸ್ಟ್ ಇನ್. "ಯಾಕೆ ಅಂತ ಮಾತ್ರ ಕೇಳ್ಬೇಡಿ," ಎನ್ನುತ್ತಿದ್ದರು. "ಗಂಡ ಹೆಂಡ್ತಿ ಇದ್ದ ಹಾಗೆ. ಇವನಿಗೆ ಇವಳೇ ಯಾಕೆ ಅಂದ್ರೆ ಯಾರು ಹೇಳ್ತಾರೆ? ಬಾಯಿಪಾಠ ಮಾಡಿ."

ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ವಯಸ್ಸು ಮೂವತ್ತೊಂದು. ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಸೇರಬೇಕಾದರೆ ಇಂಗ್ಲಿಷ್ ಬೇಕಿತ್ತು. ಅವನು ಕಟ್ಟುಹಲ್ಲು ಮಾಡುವವನು. ಅವನ ಕೆಲಸಕ್ಕೆ ಬರುವ ಹೊಸ ಸಾಮಾನುಗಳ ವಿವರವೆಲ್ಲ ಇಂಗ್ಲಿಷಿನಲ್ಲೇ ಇರುತ್ತಿತ್ತು. ಮೇಡಂ ಒಬ್ಬರನ್ನು "ಕನ್ನಡಕ" ಎಂದೂ ಇನ್ನೊಬ್ಬರನ್ನು "ಹಲ್ಲು" ಎಂದೂ ಕರೆಯುತ್ತಿದ್ದರು. ಐದು ಶನಿವಾರ ಕನ್ನಡಕ, ಹಲ್ಲು ಅಕ್ಕಪಕ್ಕ ಕೂತವು.

ಅವಳನ್ನು ಸಾಕಿದ್ದು ಸೋದರತ್ತೆ. ಅತ್ತೆಯ ಕಟ್ಟುಹಲ್ಲು ಒಸಡಿಗೆ ಒತ್ತುತ್ತದೆಂದು ಅವಳು ಒಮ್ಮೆ ಹೇಳಿದಾಗ ಅವನು, "ನಮ್ಮ ಕ್ಲಿನಿಕ್ಕಿಗೆ ಕರ್ಕೊಂಡ್ ಬನ್ನಿ, ಎರಡು ನಿಮಿಷದ ಕೆಲಸ," ಎಂದಿದ್ದ. ಅವಳು ಮುಂದಿನ ವಾರ ಹೋಗುವುದೆಂದುಕೊಂಡಿದ್ದಳು. ಯಾವ ಸೀರೆ ಉಡುವುದೆಂದೂ ಯೋಚಿಸಿಯಾಗಿತ್ತು.

ಆರನೇ ಶನಿವಾರ ಮೇಡಂ ಎಲ್ಲರಿಗೂ ತಮ್ಮ ಬಗ್ಗೆ ಎರಡು ಮಾತು ಹೇಳಲು ಹೇಳಿದರು. ಅವನು ಎದ್ದು ನಿಂತ. ಅಂಗಿ ಸರಿಮಾಡಿಕೊಂಡ.

"ಐ ಮೇಕ್ ಟೀತ್. ಐ ಆಮ್ ಎಂಗೇಜ್ಡ್ ಟು ಎ ಲೇಡಿ ಡೆಂಟಿಸ್ಟ್. ಸಿಕ್ಸ್ ಇಯರ್ಸ್."

"ಭೇಷ್!" ಎಂದರು ಮೇಡಂ. "ಎಂಗೇಜ್ಡ್ ಟು! ಬಹಳ ಜನ ಇಲ್ಲಿ 'ವಿತ್' ಹಾಕಿ ಎಡವ್ತಾರೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ನಿಶ್ಚಯ ಆಗಿ ಆರು ವರ್ಷವಾ? ತಾಳ್ಮೆ ಅಂದ್ರೆ ಇದಪ್ಪಾ," ಎಂದದ್ದು ಆ ಗದ್ದಲದಲ್ಲಿ ಅವಳಿಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ. ಅವನು ಮುಖ ಅರಳಿಸಿಕೊಂಡು ಕೂತು, "ಹೇಗಿತ್ತು?" ಎಂದು ಕೇಳಿದ.

"ಚೆನ್ನಾಗಿತ್ತು," ಎಂದಳು. ರಬ್ಬರನ್ನು ತೆಗೆದು ತನ್ನ ಚೀಲದೊಳಕ್ಕೆ ಹಾಕಿಕೊಂಡಳು.

ಮುಂದಿನ ಶನಿವಾರ ಅವಳು ಮೊದಲ ಸಾಲಿಗೆ ಹೋಗಿ ಕೂತಳು. ಅವನು ಮಾತಾಡಿಸಲು ಬಂದರೆ ಪುಸ್ತಕದಿಂದ ತಲೆ ಎತ್ತಲಿಲ್ಲ. ಅದರ ಮುಂದಿನ ವಾರವೂ ಅಷ್ಟೇ. ಆಮೇಲೆ ಅವನು ಕ್ಲಾಸಿಗೆ ಬರುವುದನ್ನೇ ಬಿಟ್ಟ. ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೂ ಬಾಗಿಲು ಕಿರ್ರೆಂದಾಗಲೆಲ್ಲ ತಿರುಗಿ ನೋಡಿದಳು.

ಅಂಗಡಿಯ ಯಜಮಾನರು ಬೇರೆ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿಗೆ ಹೋಗೆಂದು ಅವರು ಎರಡು ಸಲ ಕೇಳಿದಾಗ ಅವಳು ಆಗುವುದಿಲ್ಲ ಎಂದಿದ್ದಳು. ಮೂರನೇ ಸಲ, "ಹೋಗ್ತೀನಿ ಸರ್," ಎಂದುಬಿಟ್ಟಳು. ಅತ್ತೆಯೂ ಜೊತೆಗೆ ಹೊರಡುವುದೆಂದಾಯಿತು.

ಹೊರಡಲು ಹತ್ತು ದಿನ ಇರುವಾಗ ಅತ್ತೆ ಕಟ್ಟುಹಲ್ಲನ್ನು ತೆಗೆದು ಬಟ್ಟಲಿಗೆ ಹಾಕಿ ಮುಷ್ಕರ ಹೂಡಿದರು. "ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅಂತಾರೆ. ನನ್ಗೆ ಕಡ್ಲೆನೂ ಇದೆ, ಹಲ್ಲೂ ಇದೆ, ಅಗಿಯೋ ಯೋಗ ಮಾತ್ರ ಇಲ್ಲ! ನಿನ್ನ ಕ್ಲಾಸಿನ ಹುಡುಗ ಮಾಡಿಕೊಡ್ತೀನಿ ಅಂದಿದ್ನಲ್ಲ, ನಡಿ."

"ಬೇರೆ ಕಡೆ ಹೋಗೋಣ ಅತ್ತೆ. ಅವ್ರು ಮದುವೆ ಆಗೋ ಡಾಕ್ಟ್ರದ್ದು ಆ ಕ್ಲಿನಿಕ್ಕು..."

"ಅವ್ಳನ್ನ ಅವ್ನು ಮದ್ವೆ ಆದ್ರೆ ನನ್ನ ಹಲ್ಲಿಗೇನು ನೋವು?"

ಅವಳು ಬಟ್ಟಲು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ.

ಕ್ಲಿನಿಕ್ಕಿನಲ್ಲಿ ತಲೆಯೆಲ್ಲ ಬೆಳ್ಳಗಾದ ಡಾಕ್ಟರಮ್ಮ ಕೂತಿದ್ದರು. ಮೇಜಿನ ಮೇಲೆ ಇಬ್ಬರು ಮೊಮ್ಮಕ್ಕಳ ಫೋಟೋ. ಬಾಯಿ ತೋರಿಸಿಯಾದ ಮೇಲೆ ಅತ್ತೆ ಅತ್ತಿತ್ತ ನೋಡಿ, "ಇನ್ನೊಬ್ರು ಡಾಕ್ಟ್ರು ಇಲ್ವಾ? ಹಲ್ಲು ಮಾಡೋ ಹುಡುಗನ ಜೊತೆ ಮದ್ವೆ ಗೊತ್ತಾಗಿರೋರು?" ಎಂದು ಬೊಚ್ಚುಬಾಯಲ್ಲಿ ನೇರವಾಗಿ ಕೇಳಿಬಿಟ್ಟರು. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಇಲ್ಲಿರೋ ಡಾಕ್ಟ್ರು ನಾನೊಬ್ಬಳೇ ಕಣಮ್ಮ," ಎಂದರು ಡಾಕ್ಟರಮ್ಮ. "ನನ್ನ ಮದುವೆ ಆಗಿ ನಲವತ್ತು ವರ್ಷ. ಇನ್ನೊಂದಕ್ಕೆ ನಮ್ಮ ಯಜಮಾನ್ರು ಒಪ್ಪಲ್ಲ. ಅವನು ಆರು ವರ್ಷದಿಂದ ನನ್ನ ಹತ್ರ ಕೆಲಸಕ್ಕಿದ್ದಾನೆ, ಅಷ್ಟೇ. ಹೋಗಮ್ಮ, ಹಿಂದಿನ ರೂಮಲ್ಲಿದ್ದಾನೆ, ಈ ಹಲ್ಲು ಕೊಟ್ಟು ಬಾ."

ಅವಳು ಬಟ್ಟಲು ಹಿಡಿದು ಹೋದಳು. ಕಾಲು ನೆಲದ ಮೇಲಿತ್ತೋ ಇಲ್ಲವೋ.

ಕಿಟಕಿಯ ಬೆಳಕಿನಲ್ಲಿ ಅವನು ಪ್ಲಾಸ್ಟರಿನ ಅಚ್ಚೊಂದನ್ನು ಕೆರೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮೊದಲಿನ ನಗು ಇರಲಿಲ್ಲ. ಅತ್ತೆಯ ಹಲ್ಲು ತೆಗೆದುಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿ, ಯಂತ್ರಕ್ಕೆ ಹಿಡಿದ.

"ಕ್ಲಾಸಿಗೆ ಯಾಕೆ ಬರ್ತಿಲ್ಲ?" ಎಂದು ಅವಳೇ ಕೇಳಿದಳು.

"ನಾನು ಬಂದ್ರೆ ನೀವು ದೂರ ಹೋಗಿ ಕೂರ್ತೀರಿ. ಇನ್ನೆರಡು ವಾರ ಬಂದಿದ್ರೆ ಮೆಟ್ಟಿಲ ಮೇಲೆ ಕೂತಿರ್ತಿದ್ರಿ. ಪಾಠ ನಿಮ್ಗೂ ಬೇಕಲ್ವಾ."

ಅವಳು ತಡವರಿಸುತ್ತ ಎಲ್ಲ ಹೇಳಿದಳು. ಎಂಗೇಜ್ಡ್ ಟು ಎಂದರೆ ಏನು, ಕ್ಲಾಸಿನವರೆಲ್ಲ ಅಂದುಕೊಂಡದ್ದೇನು. ಅವನ ಕಣ್ಣು ಅಗಲವಾಗುತ್ತ ಹೋಯಿತು.

"ಅಯ್ಯೋ! ಅವ್ರ ಹತ್ರ ಕೆಲಸಕ್ಕಿದ್ದೀನಿ ಅಂತ ಹೇಳೋಕೆ ಹೋಗಿದ್ದೆ! ಆ ಚಪ್ಪಾಳೆ ನನ್ನ ಇಂಗ್ಲಿಷಿಗೆ ಅನ್ಕೊಂಡಿದ್ದೆ ಕಣ್ರೀ! ಮನೇಲಿ ಅಮ್ಮನಿಗೂ ಹೇಳ್ಕೊಂಡಿದ್ದೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವನು ಯಂತ್ರ ನಿಲ್ಲಿಸಿದ.

"ಸರಿ, ನನ್ಗೆ ಮದುವೆ ಗೊತ್ತಾಗಿದೆ ಅಂತ್ಲೇ ಇಟ್ಕೊಳ್ಳಿ. ಅದಕ್ಕೆ ನೀವ್ಯಾಕೆ ಜಾಗ ಬದಲಾಯಿಸಿದ್ರಿ?"

ಫ್ಯಾನಿನ ಗಾಳಿ ಸಾಲದು, ಬೋರ್ಡು ಕಾಣದು ಎಂದು ಹೇಳಬಹುದಿತ್ತು. ಕನ್ನಡಕ ಮಾಡುವವಳ ಬಾಯಲ್ಲಿ ಎರಡನೆಯದು ಒಪ್ಪುತ್ತಲೂ ಇತ್ತು.

"ಹೊಟ್ಟೆಕಿಚ್ಚಿಗೆ," ಎಂದಳು.

ಅವನ ಕಿವಿಯ ತುದಿ ಕೆಂಪಾಯಿತು. ಅವಳು ನೆಲ ನೋಡುತ್ತ ಉಳಿದದ್ದನ್ನೂ ಹೇಳಿ ಮುಗಿಸಿದಳು. "ಈಗ ಹೇಳಿ ಏನು ಪ್ರಯೋಜನ? ಒಂದನೇ ತಾರೀಕಿಗೆ ನಾನು ಈ ಊರಲ್ಲಿರಲ್ಲ. ಹೊಸ ಅಂಗಡಿ. ಯಜಮಾನ್ರಿಗೆ ಮಾತು ಕೊಟ್ಟಾಗಿದೆ. ಮಾತು ಕೊಟ್ಟಿದ್ದೂ ನಿಮ್ಮಿಂದಾನೇ."

"ದೂರವಾ?"

"ಬಸ್ಸಲ್ಲಿ ಐದು ಗಂಟೆ."

ಅವನು ಅತ್ತೆಯ ಹಲ್ಲನ್ನು ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು, ಬಟ್ಟಲಿಗೆ ಹಾಕಿದ. ಬಹಳ ಹೊತ್ತು ಯೋಚಿಸಿದವನಂತೆ ಕೇಳಿದ:

"ಆ ಊರಲ್ಲೂ ಜನಕ್ಕೆ ಹಲ್ಲು ಬೀಳುತ್ತೆ ತಾನೇ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ತಲೆ ಎತ್ತಲು ಇನ್ನೊಂದು ಗಳಿಗೆ.

"ಬೀಳುತ್ತೆ," ಎಂದಳು. "ಡಾಕ್ಟರಮ್ಮ ಏನಂತಾರೋ?"

"ಬೈತಾರೆ. ಆಮೇಲೆ ಅವ್ರೇ ಮುಂದೆ ನಿಂತು ಮದುವೆ ಮಾಡಿಸ್ತಾರೆ."

ಮದುವೆ ಎಂಬ ಮಾತು ಬಾಯಿಂದ ಬಿದ್ದುಹೋಗಿತ್ತು. ಅದನ್ನು ಹೆಕ್ಕಿ ವಾಪಸು ಇಟ್ಟುಕೊಳ್ಳಲು ಅವನು ಪ್ರಯತ್ನಿಸಲಿಲ್ಲ. ಪ್ಲಾಸ್ಟರ್ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳಹೋದ. ಅಷ್ಟರಲ್ಲಿ ಅವಳು ಆ ಕೈಯನ್ನು ಹಾಗೆಯೇ, ಬಿಳಿಬಿಳಿಯಾಗಿಯೇ, ಹಿಡಿದುಕೊಂಡಳು.

"ಏನೇ," ಎಂದು ಹೊರಗಿನಿಂದ ಅತ್ತೆಯ ದನಿ ಬಂತು, "ಹೊಸಾ ಹಲ್ಲು ಹುಟ್ಟೋವರ್ಗೂ ಕೂತಿರ್ಬೇಕಾ ನಾನು?"

"ಬಂದೇ ಅತ್ತೇ," ಎಂದು ಕೂಗಿದಳು. ಕೈ ಬಿಡಲಿಲ್ಲ.